ಕಂಟೇನರ್‌ಗಳಿಗೆ ಸಿಪಿಯು ಹಂಚಿಕೆ: ಕೋಟಾ ಬಿಟ್ಟು ವೆಯ್ಟ್ ಕಡೆಗೆ

ಈ ಸರ್ವರ್‌ನಲ್ಲಿ ಈಗ ಐದು ಡಾಕರ್ ಕಂಟೇನರ್ (ಒಂದೇ ಮಷಿನ್‌ನಲ್ಲಿ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ ಡಬ್ಬಿಗಳು) ಓಡುತ್ತಿವೆ. ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದನ್ನು ಬಳಸುವ ಒಂದು ವೆಬ್ ಆ್ಯಪ್, ವಿಡಿಯೋ ಟ್ರಾನ್ಸ್‌ಕೋಡ್ ಮಾಡುವುದೊಂದು (ಅಂದರೆ ಬೇರೆ ಫಾರ್ಮ್ಯಾಟ್‌ಗೆ ಬದಲಿಸುವುದು), ಕೋಡ್ ಬಿಲ್ಡ್ ಮಾಡುವುದೊಂದು, ಫೋಟೋಗಳನ್ನು ಇಂಡೆಕ್ಸ್ ಮಾಡುವುದೊಂದು. ಮಷಿನ್‌ನಲ್ಲಿರುವುದು 4 ಕೋರ್, 8 ಥ್ರೆಡ್ (ಒಂದು ಕೋರ್‌ಗೆ ಎರಡು; ಲಿನಕ್ಸ್ ಇವನ್ನೇ 8 ಸಿಪಿಯು ಅಂತ ಎಣಿಸುತ್ತದೆ). ದಿನದ ಹೆಚ್ಚು ಹೊತ್ತು ಅದಕ್ಕೆ ಕೆಲಸವೇ ಇರುವುದಿಲ್ಲ. ಟ್ರಾನ್ಸ್‌ಕೋಡ್ ಅಥವಾ ಬಿಲ್ಡ್ ಶುರುವಾದಾಗ ಮಾತ್ರ ಎಲ್ಲರಿಗೂ ಸಿಪಿಯು ಬೇಕು.

ನನಗೆ ಬೇಕಾಗಿದ್ದು ಎರಡೇ. ಹಿನ್ನೆಲೆಯಲ್ಲಿ ಏನೇ ನಡೆಯುತ್ತಿರಲಿ, ವೆಬ್ ಪುಟ ತಡವರಿಸಬಾರದು. ಬೇರೆ ಯಾರೂ ಕೇಳದೇ ಇದ್ದಾಗ, ಬೇಕಾದವರಿಗೆ ಸಿಗದೆ ಸಿಪಿಯು ಸುಮ್ನೆ ಬಿದ್ದಿರಬಾರದು.

ಶುರುವಿನಿಂದ ಇದ್ದ ವ್ಯವಸ್ಥೆ ಎಲ್ಲರೂ ಮಾಡುವಂಥದ್ದೇ. ಡಾಕರ್‌ನ 'ಸಿಪಿಯುಸ್' ಆಯ್ಕೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಮಿತಿ, ಅಂದರೆ ಕೋಟಾ. ವೆಬ್‌ಗೆ 2, ಡೇಟಾಬೇಸ್‌ಗೆ 2, ಟ್ರಾನ್ಸ್‌ಕೋಡ್‌ಗೆ 2, ಉಳಿದ ಎರಡಕ್ಕೆ ತಲಾ 1. ಒಟ್ಟು 8. ಕಾಗದದ ಮೇಲೆ ಲೆಕ್ಕ ಸರಿ ಇದೆ. ಆದರೆ ಯಾರೂ ಇಲ್ಲದ ಹೊತ್ತಿನಲ್ಲೂ ಟ್ರಾನ್ಸ್‌ಕೋಡ್ ಎರಡೇ ಸಿಪಿಯುನಲ್ಲಿ ಏದುಸಿರು ಬಿಡುತ್ತಿರುತ್ತದೆ, ಇನ್ನು ಆರು ಖಾಲಿ ಇರುತ್ತವೆ. ಇದು ಎಲ್ಲರಿಗೂ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿತ್ತು. ಟ್ರಾನ್ಸ್‌ಕೋಡ್, ಬಿಲ್ಡ್, ಇಂಡೆಕ್ಸ್ ಮೂರೂ ಸುಮ್ಮನಿದ್ದು ವೆಬ್ ಆ್ಯಪ್ ಮಾತ್ರ ಕೆಲಸ ಮಾಡುತ್ತಿದ್ದಾಗಲೂ ಆಗಾಗ ಒಂದು ಪುಟ ತಡವಾಗುತ್ತಿತ್ತು. ಗ್ರಾಫ್ ನೋಡಿದರೆ ಅದರ ಸರಾಸರಿ ಬಳಕೆ ಅರ್ಧ ಸಿಪಿಯು ಕೂಡ ಇಲ್ಲ. ಎರಡು ಸಿಪಿಯು ಮಿತಿ ಇರುವಾಗ ಅರ್ಧ ಬಳಸುವವನು ಕಾಯುವುದು ಯಾಕೆ?

ಉತ್ತರ ಇರುವುದು ಮಿತಿಯನ್ನು ಅಳೆಯುವ ರೀತಿಯಲ್ಲಿ. ಪ್ರೋಗ್ರಾಂಗಳನ್ನು ಗುಂಪು ಮಾಡಿ ಮಿತಿ ಹಾಕಲು ಲಿನಕ್ಸ್‌ನಲ್ಲಿರುವ ವ್ಯವಸ್ಥೆ ಸಿಗ್ರೂಪ್. ಅದರ ಎರಡನೇ ಆವೃತ್ತಿಯಲ್ಲಿ 'ಸಿಪಿಯು.ಮ್ಯಾಕ್ಸ್' ಅಂತ ಒಂದು ಫೈಲ್ ಇದೆ. ಎರಡು ಸಿಪಿಯು ಮಿತಿ ಅಂದರೆ ಅದರಲ್ಲಿ 200000 100000 ಎಂದು ಇರುತ್ತದೆ. ಎರಡೂ ಮೈಕ್ರೋಸೆಕೆಂಡ್‌ಗಳು. ಪ್ರತಿ 100 ಮಿಲಿಸೆಕೆಂಡ್ ಪೀರಿಯಡ್‌ನಲ್ಲಿ ಒಟ್ಟು 200 ಮಿಲಿಸೆಕೆಂಡ್ ಸಿಪಿಯು ಸಮಯ ಬಳಸಬಹುದು ಅಂತ ಅರ್ಥ. ಎರಡು ಸಿಪಿಯು ಮೇಲೆ ಮಾತ್ರ ಓಡಬೇಕು ಅಂತ ಅಲ್ಲ. ಆ್ಯಪ್ ತನ್ನ ಎಂಟು ವರ್ಕರ್ ಥ್ರೆಡ್‌ಗಳನ್ನೂ (ಇವು ಪ್ರೋಗ್ರಾಂನ ಒಳಗಿನ ಕೆಲಸದ ಎಳೆಗಳು, ಸಿಪಿಯುನ ಥ್ರೆಡ್ ಅಲ್ಲ) ಒಟ್ಟಿಗೆ ಎಬ್ಬಿಸಿದರೆ 25 ಮಿಲಿಸೆಕೆಂಡ್‌ನಲ್ಲೇ ಆ 200 ಮುಗಿದುಹೋಗುತ್ತದೆ. ಉಳಿದ 75 ಮಿಲಿಸೆಕೆಂಡ್ ಇಡೀ ಕಂಟೇನರ್ ನಿಂತುಬಿಡುತ್ತದೆ, ಪಕ್ಕದಲ್ಲಿ ಸಿಪಿಯು ಖಾಲಿ ಇದ್ದರೂ ಸಹ. ತಿಂಗಳ ಸಂಬಳವನ್ನು ಮೊದಲ ವಾರವೇ ಖಾಲಿ ಮಾಡಿದ ಹಾಗೆ. ಆಮೇಲೆ ಒಂದಿಡೀ ಸೆಕೆಂಡ್ ಕೆಲಸವಿಲ್ಲದೆ ಕೂತರೂ ಆ ಉಳಿತಾಯ ಮುಂದಿನ ಪೀರಿಯಡ್‌ಗೆ ಬರುವುದಿಲ್ಲ. ಸರಾಸರಿ ಗ್ರಾಫ್‌ನಲ್ಲಿ ಇದು ಕಾಣುವುದೇ ಇಲ್ಲ.

ಕಾಣುವುದು 'ಸಿಪಿಯು.ಸ್ಟ್ಯಾಟ್' ಫೈಲ್‌ನಲ್ಲಿ. ಅದರಲ್ಲಿ ಎಷ್ಟು ಪೀರಿಯಡ್ ಕಳೆದವು, ಎಷ್ಟರಲ್ಲಿ ಥ್ರಾಟಲ್ ಆಯಿತು (ಕೋಟಾ ಮುಗಿದು ನಿಂತಿತು), ಒಟ್ಟು ಎಷ್ಟು ಹೊತ್ತು ನಿಂತಿತ್ತು ಅಂತ ಮೂರು ಸಾಲು ಇರುತ್ತವೆ. ವೆಬ್ ಕಂಟೇನರ್‌ದು ತೆಗೆದು ನೋಡಿದೆ. ಪುಟ ತೆರೆದಾಗಲೆಲ್ಲ ಥ್ರಾಟಲ್ ಎಣಿಕೆ ಒಂದೆರಡು ಮೇಲೇರುತ್ತಿತ್ತು.

ಆ ಎಂಟು ವರ್ಕರ್‌ಗಳು ಎಲ್ಲಿಂದ ಬಂದವು ಅನ್ನುವುದೂ ಇಲ್ಲೇ ಇದೆ. ಕಂಟೇನರ್ ಒಳಗೆ 'ಎನ್‌ಪ್ರಾಕ್' (ಸಿಪಿಯು ಎಷ್ಟಿವೆ ಅಂತ ಹೇಳುವ ಆದೇಶ) ಕೊಟ್ಟರೆ 8 ಅಂತಲೇ ಹೇಳುತ್ತದೆ. ಯಾವ ಸಿಪಿಯುಗಳ ಮೇಲೆ ಓಡಲು ಅನುಮತಿ ಇದೆ ಅಂತ ಮಾತ್ರ ನನ್ನಲ್ಲಿರುವ ಆವೃತ್ತಿ ನೋಡುತ್ತದೆ, ಕೋಟಾ ಅದಕ್ಕೆ ಗೊತ್ತಿಲ್ಲ. ಜಾವಾ 10ರಿಂದ ಕಂಟೇನರ್ ಮಿತಿಯನ್ನು ಓದಿಕೊಳ್ಳುತ್ತದೆ. ಗೋ ಭಾಷೆ ಅದನ್ನು ಕಲಿತಿದ್ದು 2025ರಲ್ಲಿ, 1.25 ಆವೃತ್ತಿಯಲ್ಲಿ. ಇನ್ನೂ ಎಷ್ಟೋ ಪ್ರೋಗ್ರಾಂಗಳು ಮಷಿನ್‌ನಲ್ಲಿ ಇರುವಷ್ಟನ್ನೂ ಎಣಿಸಿ ಅಷ್ಟೂ ಥ್ರೆಡ್ ಎಬ್ಬಿಸುತ್ತವೆ.

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 5.14ರಿಂದ 'ಸಿಪಿಯು.ಮ್ಯಾಕ್ಸ್.ಬರ್ಸ್ಟ್' ಬಂದಿದೆ. ಬಳಸದೆ ಬಿಟ್ಟ ಕೋಟಾವನ್ನು ಸ್ವಲ್ಪ ಮಟ್ಟಿಗೆ ಕೂಡಿಡಲು ಬಿಡುತ್ತದೆ. ನಾನು ಅದರ ಗೋಜಿಗೆ ಹೋಗಲಿಲ್ಲ. ಕೋಟಾ ಕರ್ನಲ್‌ಗೆ ಬಂದಿದ್ದು 3.2ರಲ್ಲಿ, 2012ರ ಶುರುವಿಗೆ. ದುಡ್ಡು ಕೊಟ್ಟವರಿಗೆ ಇಷ್ಟೇ ಸಿಪಿಯು ಅಂತ ಅಳೆದು ಕೊಡುವ ಕಡೆ ಅದು ಬೇಕೇ ಬೇಕು. ನನ್ನ ಸರ್ವರ್‌ನಲ್ಲಿ ಬಾಡಿಗೆದಾರರು ಯಾರೂ ಇಲ್ಲ. ಐದೂ ನನ್ನವೇ. ಹಾಗಿದ್ದ ಮೇಲೆ ಅಳತೆ ಯಾಕೆ, ಸರದಿಯಲ್ಲಿ ಯಾರು ಮುಂದೆ ಅಂತ ಹೇಳಿದರೆ ಸಾಕು ಅಲ್ವಾ?

ಅದಕ್ಕಿರುವುದು ವೆಯ್ಟ್, ಅಂದರೆ ಯಾರಿಗೆ ಎಷ್ಟು ಪಾಲು ಅಂತ ಹೇಳುವ ತೂಕ. 'ಸಿಪಿಯು.ವೆಯ್ಟ್' 1ರಿಂದ 10000ದವರೆಗೆ ಇಡಬಹುದು, ಏನೂ ಹೇಳದಿದ್ದರೆ 100. ಪೈಪೋಟಿ ಇದ್ದಾಗ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಒಬ್ಬನೇ ಇದ್ದರೆ ವೆಯ್ಟ್ 1 ಇದ್ದರೂ ಎಂಟೂ ಥ್ರೆಡ್ ಅವನದೇ.

ಡಾಕರ್‌ನಲ್ಲಿ ಇದನ್ನು ಇಡುವುದು 'ಸಿಪಿಯು ಶೇರ್ಸ್' ಮೂಲಕ. ಇಲ್ಲೇ ಒಂದು ತಮಾಷೆ ಇದೆ. ಶೇರ್ಸ್ ಅನ್ನುವುದು ಹಳೆಯ ಸಿಗ್ರೂಪ್ ಕಾಲದ್ದು. ಅಲ್ಲಿ ಸಾಮಾನ್ಯ ಬೆಲೆ 1024, ಹರವು 2ರಿಂದ 262144. ಅದನ್ನು ಹೊಸ ಸಿಗ್ರೂಪ್‌ನ 1ರಿಂದ 10000ಕ್ಕೆ ಇಳಿಸಬೇಕು. ನನ್ನ ಸರ್ವರ್‌ನಲ್ಲಿರುವ ರನ್‌ಸಿ (ಡಾಕರ್ ಪರವಾಗಿ ಕಂಟೇನರ್ ಶುರು ಮಾಡುವ ಪ್ರೋಗ್ರಾಂ) ಅದನ್ನು ನೇರ ಅನುಪಾತದಲ್ಲಿ ಇಳಿಸುತ್ತದೆ. ಹಾಗೆ ಮಾಡಿದರೆ 1024 ಆಗುವುದು 39. ಶೇರ್ಸ್ ಬಗ್ಗೆ ಏನೂ ಹೇಳದ ಕಂಟೇನರ್ ಮಾತ್ರ 100ರಲ್ಲೇ ಇರುತ್ತದೆ! ಡೇಟಾಬೇಸ್‌ಗೆ ಎರಡರಷ್ಟು ಸಿಗಲಿ ಅಂತ 2048 ಕೊಟ್ಟು ನೋಡಿದರೆ ಫೈಲ್‌ನಲ್ಲಿ ಕಂಡದ್ದು 79. ಅಂದರೆ ಮುಂದೆ ತಳ್ಳಲು ಹೋದರೆ ಅದು ಹಿಂದಕ್ಕೆ ಬಂತು. ಹೊಸ ರನ್‌ಸಿಯಲ್ಲಿ ಸೂತ್ರ ಬದಲಾಯಿಸಿದ್ದಾರೆ. ಆದರೂ ಯಾವ ಆವೃತ್ತಿಯೇ ಇರಲಿ, ಆಯ್ಕೆ ಕೊಟ್ಟು ಸುಮ್ಮನಾಗದೆ ಆ ಫೈಲ್‌ನಲ್ಲಿ ಏನು ಬಂತು ಅಂತ ಒಮ್ಮೆ ತೆಗೆದು ನೋಡಿ.

ಅದಕ್ಕೇ ಡಾಕರ್ ಮೂಲಕ ವೆಯ್ಟ್ ಹೇಳುವುದನ್ನು ಬಿಟ್ಟು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಕಡೆ ಹೋದೆ. 'ಬಿಜಿ.ಸ್ಲೈಸ್' (ಬಿಜಿ ಅಂದರೆ ಹಿನ್ನೆಲೆ) ಅಂತ ಒಂದು ಸ್ಲೈಸ್, ಅಂದರೆ ಸಿಗ್ರೂಪ್ ಗುಂಪು ಮಾಡಿ, ಅದಕ್ಕೆ ಸಿಪಿಯು ವೆಯ್ಟ್ 25 ಇಟ್ಟೆ. ಟ್ರಾನ್ಸ್‌ಕೋಡ್ ಮತ್ತು ಬಿಲ್ಡ್ ಕಂಟೇನರ್‌ಗಳಿಗೆ 'ಸಿಗ್ರೂಪ್ ಪೇರೆಂಟ್' ಆಗಿ ಅದನ್ನೇ ಕೊಟ್ಟೆ. ವೆಬ್ ಮತ್ತು ಡೇಟಾಬೇಸ್ ಮುಂಚಿನಂತೆ ಸಿಸ್ಟಮ್ ಸ್ಲೈಸ್‌ನಲ್ಲೇ ಇವೆ, ಅದರ ವೆಯ್ಟ್ 100. ವೆಯ್ಟ್ ಹೋಲಿಕೆ ಆಗುವುದು ಒಂದೇ ಅಪ್ಪನ ಮಕ್ಕಳ ನಡುವೆ ಮಾತ್ರ. ಹಾಗಾಗಿ ಇಲ್ಲಿ ಪೈಪೋಟಿ 100ಕ್ಕೆ 25, ಎರಡೂ ಕಡೆ ತುಂಬಾ ಕೆಲಸ ಇದ್ದರೆ ಶೇಕಡ 80 ಮತ್ತು 20. ನಾಳೆ ಬಿಜಿ ಸ್ಲೈಸ್‌ಗೆ ಇನ್ನೂ ಹತ್ತು ಕಂಟೇನರ್ ತಂದು ಹಾಕಿದರೂ ಅವರೆಲ್ಲ ಹಂಚಿಕೊಳ್ಳಬೇಕಾಗಿದ್ದು ಆ 20ನ್ನೇ. ಒಬ್ಬೊಬ್ಬರಿಗೆ ನಂಬರ್ ಕೊಡುತ್ತಾ ಹೋದರೆ ಈ ಅನುಕೂಲ ಸಿಗುವುದಿಲ್ಲ.

ಸ್ಲೈಸ್ ಹೆಸರಿನಲ್ಲಿ ಅಡ್ಡಗೆರೆ ಹಾಕಬೇಡಿ. 'ಬಿಜಿ-ವಿಡಿಯೋ.ಸ್ಲೈಸ್' ಅಂದರೆ ಸಿಸ್ಟಮ್‌ಡಿ ಅದನ್ನು ಬಿಜಿ ಸ್ಲೈಸ್‌ನ ಒಳಗೆ ಇಡುತ್ತದೆ.

ಫೋಟೋ ಇಂಡೆಕ್ಸ್ ಮಾಡುವುದಕ್ಕೆ ಇನ್ನೂ ಕೆಳಗಿನ ಜಾಗ. ಕರ್ನಲ್ 5.15ರಿಂದ 'ಸಿಪಿಯು.ಐಡಲ್' ಇದೆ. ಸಿಸ್ಟಮ್‌ಡಿ 252ರಿಂದ ಸಿಪಿಯು ವೆಯ್ಟ್‌ಗೆ ನಂಬರ್ ಬದಲು 'ಐಡಲ್' ಅಂತ ಬರೆದರೆ ಅದು ಸೆಟ್ ಆಗುತ್ತದೆ. ಪಕ್ಕದ ಗುಂಪಿನಲ್ಲಿ ಯಾರಾದರೂ ಎದ್ದರೆ ಐಡಲ್ ಗುಂಪು ತಕ್ಷಣ ಸರಿದು ಜಾಗ ಬಿಡುತ್ತದೆ. ಇದನ್ನು ಬಿಜಿ ಸ್ಲೈಸ್‌ನ ಒಳಗೆ ಇಡದೆ ಬೇರೆಯದೇ ಸ್ಲೈಸ್ ಮಾಡಿ ಮೇಲಿನ ಮಟ್ಟದಲ್ಲಿಟ್ಟೆ. ಒಳಗಿಟ್ಟಿದ್ದರೆ ಟ್ರಾನ್ಸ್‌ಕೋಡ್ ಮತ್ತು ಬಿಲ್ಡ್ ಮುಂದೆ ಮಾತ್ರ ತಗ್ಗುತ್ತಿತ್ತು. ಅವೆರಡೂ ಓಡದೇ ಇದ್ದಾಗ ಆ 25ರ ಪೂರ್ತಿ ಬಲ ಹಿಡಿದು ವೆಬ್ ಜೊತೆ ಜಗ್ಗಾಡುತ್ತಿತ್ತು.

ಕೋಟಾ ಈಗ ಯಾವುದಕ್ಕೂ ಇಲ್ಲ. ವೆಬ್‌ನ ಥ್ರಾಟಲ್ ಎಣಿಕೆ ಏರುವ ಮಾತೇ ಇಲ್ಲ, ಮಿತಿ ಇದ್ದರೆ ತಾನೇ. ಹಾಗಾಗಿ ಈಗ ನೋಡುವುದು 'ಸಿಪಿಯು.ಪ್ರೆಶರ್' ಫೈಲ್. ಕಳೆದ 10, 60 ಮತ್ತು 300 ಸೆಕೆಂಡ್‌ಗಳಲ್ಲಿ ಶೇಕಡ ಎಷ್ಟು ಹೊತ್ತು ಯಾವುದಾದರೂ ಒಂದು ಟಾಸ್ಕ್ ಸಿಪಿಯುಗಾಗಿ ಕಾಯುತ್ತಿತ್ತು ಅಂತ ಅದು ಹೇಳುತ್ತದೆ. ಬಳಕೆಯ ಗ್ರಾಫ್‌ಗಿಂತ ನನಗೆ ಇದೇ ಜಾಸ್ತಿ ಇಷ್ಟ. ಬಿಲ್ಡ್ ಜೋರಾಗಿ ಓಡುವಾಗ ಬಿಜಿ ಸ್ಲೈಸ್‌ನಲ್ಲಿ ಈ ನಂಬರ್ ದೊಡ್ಡದಾಗುತ್ತದೆ. ಆಗಲಿ, ಕಾಯಲಿ. ವೆಬ್‌ನದು ಸೊನ್ನೆಯ ಆಸುಪಾಸಿನಲ್ಲೇ ಇದೆ.

ಆದರೂ ಟ್ರಾನ್ಸ್‌ಕೋಡ್ ಓಡುವಾಗ ಪುಟ ಒಂಚೂರು ನಿಧಾನ. ಕಾಯದೇ ಇದ್ದರೂ ನಿಧಾನ ಅಂದರೆ ಗುಮಾನಿ ಕೋರ್‌ನ ಮೇಲೆ. ಒಂದೇ ಕೋರ್‌ನ ಎರಡು ಥ್ರೆಡ್‌ಗಳು ಒಳಗಿನ ಯಂತ್ರವನ್ನು ಹಂಚಿಕೊಳ್ಳುತ್ತವೆ. ಒಂದರಲ್ಲಿ ವೆಬ್, ಇನ್ನೊಂದರಲ್ಲಿ ಟ್ರಾನ್ಸ್‌ಕೋಡ್ ಇದ್ದರೆ ಇಬ್ಬರೂ ನಿಧಾನವಾಗುತ್ತಾರೆ, ವೆಯ್ಟ್ ಎಷ್ಟೇ ಇರಲಿ. ಯಾರು ಯಾರ ಜೋಡಿ ಅಂತ ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) 'ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್' ಫೈಲ್‌ನಲ್ಲಿ ಇರುತ್ತದೆ. ನನ್ನ ಮಷಿನ್‌ನಲ್ಲಿ ಸಿಪಿಯು 0ರ ಫೈಲ್ ತೋರಿಸಿದ್ದು 0,4. ಹಾಗೆಯೇ 1 ಮತ್ತು 5, 2 ಮತ್ತು 6, 3 ಮತ್ತು 7. ಸಿಪಿಯು ಸೆಟ್ (ಯಾರು ಯಾವ ಸಿಪಿಯುಗಳ ಮೇಲೆ ಓಡಬಹುದು ಅನ್ನುವ ಪಟ್ಟಿ) ಕಟ್ಟುವವರು ಇದನ್ನು ನೋಡದೆ 0-3 ಒಬ್ಬರಿಗೆ, 4-7 ಇನ್ನೊಬ್ಬರಿಗೆ ಅಂತ ಬರೆದರೆ ಬೇರೆ ಮಾಡಿದ ಹಾಗೇ ಆಗುವುದಿಲ್ಲ, ನಾಲ್ಕೂ ಕೋರ್‌ನಲ್ಲಿ ಇಬ್ಬರೂ ಇರುತ್ತಾರೆ.

ಹಾಗಾಗಿ ಈಗ ಪರೀಕ್ಷೆಯಲ್ಲಿರುವುದು ಇದು: ಬಿಜಿ ಸ್ಲೈಸ್‌ಗೆ 'ಅಲೌಡ್ ಸಿಪಿಯುಸ್' 1-3 ಮತ್ತು 5-7. ಒಂದು ಪೂರ್ತಿ ಕೋರ್, ಅಂದರೆ 0 ಮತ್ತು 4, ಟ್ರಾನ್ಸ್‌ಕೋಡ್ ಕೈಗೆ ಸಿಗುವುದಿಲ್ಲ. ವೆಬ್‌ಗೆ ಯಾವ ಕಟ್ಟೂ ಇಲ್ಲ, ಎಂಟರಲ್ಲಿ ಎಲ್ಲಿ ಬೇಕಾದರೂ ಓಡಬಹುದು. ಖಾಲಿ ಇದ್ದಾಗಲೂ ಕಾಲು ಭಾಗ ಟ್ರಾನ್ಸ್‌ಕೋಡ್‌ಗೆ ಸಿಗದು ಅನ್ನುವುದು ಇದರ ಬೆಲೆ. ಅದು ನನಗೆ ಅಷ್ಟೇನೂ ಇಷ್ಟವಿಲ್ಲ, ಪುಟದ ವೇಗದಲ್ಲಿ ವ್ಯತ್ಯಾಸ ಕಾಣದಿದ್ದರೆ ಇದನ್ನು ತೆಗೆಯುತ್ತೇನೆ. ಇದರ ಜೊತೆ ಬಂದ ಒಂದು ಲಾಭ: ಸಿಪಿಯು ಸೆಟ್ ಆದ್ದರಿಂದ 'ಎನ್‌ಪ್ರಾಕ್' ಈಗ ಒಳಗೆ 6 ಅನ್ನುತ್ತದೆ, ಟ್ರಾನ್ಸ್‌ಕೋಡರ್ ಅದಕ್ಕೆ ತಕ್ಕ ಹಾಗೆ ಥ್ರೆಡ್ ಎಬ್ಬಿಸುತ್ತದೆ. ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಮಾತ್ರ ಮೇಕ್‌ಗೆ (ಬಿಲ್ಡ್ ನಡೆಸುವ ಪ್ರೋಗ್ರಾಂ) ಒಟ್ಟಿಗೆ 8 ಕೆಲಸ ಅಂತ ಕೈಯಲ್ಲೇ ಬರೆದಿದೆ. ಅದನ್ನು ಬದಲಾಯಿಸುವ ಕೆಲಸ ಬಾಕಿ.