ಮೈಕ್ರೋ ಥಿಯರಿ ಓದು: ಬಿತ್ತನೆ ಆಲೂಗಡ್ಡೆ ಮಾದರಿ ಎಲ್ಲಿಗೆ ಬಂತು

ಹಾಸನದಲ್ಲೇ ಕೂತು ಪಿಎಚ್‌ಡಿ ಮಟ್ಟದ ಮೈಕ್ರೋ (ಸೂಕ್ಷ್ಮ ಅರ್ಥಶಾಸ್ತ್ರ) ಓದುವವರಿಗೆ ಒಂದು ಅನುಕೂಲ ಇದೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾಹಿತಿಯ ಅಧ್ಯಾಯಕ್ಕೆ ಉದಾಹರಣೆ ಹುಡುಕಬೇಕಿಲ್ಲ, ಎಪಿಎಂಸಿ ಯಾರ್ಡ್‌ಗೆ ಹೋದರೆ ಸಾಕು. ಮುಂಗಾರಿಗೆ ಮುಂಚೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿಗಳಲ್ಲಿ ಬರುತ್ತದೆ. ಚೀಲದ ಒಳಗಿರುವುದು ಎಂಥ ಬಿತ್ತನೆ ಅಂತ ನೋಡಿದರೆ ತಿಳಿಯುವುದಿಲ್ಲ. ನಾಟಿ ಮಾಡಿ ವಾರಗಳು ಕಳೆದ ಮೇಲೆ ಹೊಲವೇ ಹೇಳಬೇಕು.

ಹಾಗಾಗಿ ಈ ವ್ಯಾಪಾರಕ್ಕೆ ಒಂದು ಲೆಕ್ಕದ ಮಾದರಿ ಕಟ್ಟಲು, ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಅವರ 1970ರ ಪೇಪರ್‌ನಿಂದ ಶುರು ಮಾಡಿದೆ. ಬರೀ 13 ಪುಟ. ಅದರ ಲೆಕ್ಕ ಹೀಗಿದೆ: ಗುಣಮಟ್ಟ 0ಯಿಂದ 2ರವರೆಗೆ ಸಮನಾಗಿ ಹರಡಿದೆ. ಗುಣಮಟ್ಟ ಎಷ್ಟೋ ಮಾರುವವನಿಗೆ ಮಾಲಿನ ಬೆಲೆ ಅಷ್ಟು, ಕೊಳ್ಳುವವನಿಗೆ ಅದರ ಒಂದೂವರೆ ಪಟ್ಟು. ರೇಟು 1 ಅಂದರೆ 1ಕ್ಕಿಂತ ಕೆಳಗಿನ ಮಾಲು ಮಾತ್ರ ಮಾರುಕಟ್ಟೆಗೆ ಬರುತ್ತದೆ. ಸರಾಸರಿ 0.5, ಕೊಳ್ಳುವವನಿಗೆ ಅದು 0.75. ಅವನೇಕೆ 1 ಕೊಡುತ್ತಾನೆ? ರೇಟು 0.6ಕ್ಕೆ ಇಳಿಸಿದರೆ ಸಿಗುವುದು 0.45. ಎಲ್ಲಿ ನಿಲ್ಲಿಸಿದರೂ ಇದೇ ಕಥೆ, ವ್ಯಾಪಾರವೇ ನಡೆಯುವುದಿಲ್ಲ.

ಆದರೆ ನಮ್ಮ ಯಾರ್ಡ್‌ನಲ್ಲಿ ವ್ಯಾಪಾರ ಜೋರಾಗಿಯೇ ನಡೆಯುತ್ತದೆ! ಸಾಲಗಾಮೆ ಕಡೆ ಆಲೂಗಡ್ಡೆ ಬೆಳೆಯುವ ಮಾವನನ್ನು ಕೇಳಿದೆ, ಬಿತ್ತನೆ ಕೆಟ್ಟದ್ದು ಅಂತ ವ್ಯಾಪಾರಿಗೆ ಮೊದಲೇ ಗೊತ್ತಿರುತ್ತಾ ಅಂತ. "ಗೊತ್ತಿದ್ರೆ ಏನೀಗ? ಉಳಿದದ್ದು ಸಾಂಬಾರಿಗೆ ಹೋಗುತ್ತಲ್ಲಪ್ಪ. ಸಾಂಬಾರಿಗೆ ಒಳ್ಳೆ ಬಿತ್ತನೆ, ಕೆಟ್ಟ ಬಿತ್ತನೆ ಅಂತ ಉಂಟಾ?" ಅಂದರು.

ಒಂದು ವಾರ ಓದಿದ್ದಕ್ಕಿಂತ ಜಾಸ್ತಿ ಆ ಮಾತಲ್ಲಿತ್ತು. ಅಕೆರ್ಲಾಫ್ ಮಾದರಿ ಕುಸಿಯುವುದು ಒಳ್ಳೆ ಮಾಲಿನವನು ರೇಟು ಸಾಲದು ಅಂತ ಹಿಂದೆ ಸರಿಯುವುದರಿಂದ. ಇಲ್ಲಿ ಬಿತ್ತನೆಯಾಗಿ ಮಾರದಿದ್ದರೆ ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ತಿನ್ನುವ ಗಡ್ಡೆಯ ರೇಟೇ. ಆದ್ದರಿಂದ ಯಾರೂ ಹಿಂದೆ ಸರಿಯುವುದಿಲ್ಲ. ತೊಂದರೆ ಇರುವುದು ಒಂದು ಹೆಜ್ಜೆ ಹಿಂದೆ, ಲಾರಿ ತುಂಬುವಾಗ. ಒಳ್ಳೆಯದಕ್ಕೂ ಸಾಧಾರಣದ್ದಕ್ಕೂ ಇಲ್ಲಿ ಒಂದೇ ರೇಟಾದರೆ, ಅಲ್ಲಿ ಜಾಸ್ತಿ ಕೊಟ್ಟು ಒಳ್ಳೆಯದನ್ನು ತರುವವನು ಯಾರು? ಅಂದರೆ ಇದು ಅಡ್ವರ್ಸ್ ಸೆಲೆಕ್ಷನ್ (ಒಳ್ಳೆ ಮಾಲು ಮಾರುಕಟ್ಟೆ ಬಿಟ್ಟು ಹೋಗುವುದು) ಅಲ್ಲ, ಮಾರಲ್ ಹಜಾರ್ಡ್ (ಕಾಣದ ಕಡೆ ಕೈಬಿಗಿ ಮಾಡುವುದು). ಬೋರ್ಡ್ ಅಳಿಸಿ ಹೊಸದಾಗಿ ಶುರು.

ಈಗ ಕೈಯಲ್ಲಿರುವುದು ಹೆಸರಿನ ಮೇಲೆ ನಡೆಯುವ ವ್ಯಾಪಾರದ ಮಾದರಿ, ಅರ್ಥಶಾಸ್ತ್ರಜ್ಞ ಕಾರ್ಲ್ ಶಪಿರೋ 1983ರಲ್ಲಿ ಕೆಲಸ ಮಾಡಿದ ದಾರಿ. ಒಮ್ಮೆ ಮೋಸ ಮಾಡಿದರೆ ಉಳಿಯುವ ಹಣಕ್ಕಿಂತ, ಒಳ್ಳೆ ಹೆಸರಿನಿಂದ ಮುಂದೆ ಬರುವ ಲಾಭ ದೊಡ್ಡದಿರಬೇಕು. ಸುಮ್ನೆ ಊಹೆಗೆ, ಒಳ್ಳೆ ಬಿತ್ತನೆ ತರಲು ಚೀಲಕ್ಕೆ 400 ರೂಪಾಯಿ ಜಾಸ್ತಿ ಖರ್ಚು, ಬಡ್ಡಿ ವರ್ಷಕ್ಕೆ 10% ಅಂತಿಟ್ಟುಕೊಳ್ಳಿ. ವ್ಯಾಪಾರಿ ಪ್ರತಿ ವರ್ಷವೂ ಖಂಡಿತ ಬರುತ್ತಾನೆ ಅಂದರೆ, ಖರ್ಚಿನ ಮೇಲೆ ಚೀಲಕ್ಕೆ 40 ರೂಪಾಯಿ (400ರ ವರ್ಷದ ಬಡ್ಡಿ) ಲಾಭ ಸಿಕ್ಕರೂ ಅವನು ನೇರವಾಗಿರುತ್ತಾನೆ. ಪ್ರತಿ ಸಲವೂ ಮುಂದಿನ ವರ್ಷ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂದರೆ 480 ಬೇಕು! ಉತ್ತರ ನೋಡಿ ಎರಡು ಸಲ ಲೆಕ್ಕ ಹಾಕಿದೆ, ಸರಿಯಾಗಿಯೇ ಇದೆ. ಬಿತ್ತನೆಗೆ ಸರ್ಟಿಫಿಕೇಟ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಾದರಿ ಮಾತ್ರ, ಮೊದಲು ವ್ಯಾಪಾರಿ ವರ್ಷ ವರ್ಷವೂ ಅದೇ ಮಳಿಗೆಯಲ್ಲಿ ಸಿಗುವಂತಿರಲಿ ಅನ್ನುತ್ತಿದೆ.

ಸಿಕ್ಕಿಕೊಂಡಿರುವುದು ಅಂಗಮಾರಿ ರೋಗದ ಹತ್ತಿರ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಒಳ್ಳೆ ಬಿತ್ತನೆಯ ಹೊಲವೂ ಸುಟ್ಟಂತಾಗುತ್ತದೆ. ಬೆಳೆ ಹೋದದ್ದು ಬಿತ್ತನೆಯಿಂದಲೋ ಮಳೆಯಿಂದಲೋ ರೈತನಿಗೆ ಹೇಗೆ ಗೊತ್ತಾಗಬೇಕು? ಬೆಳೆ ಹೋದಾಗಲೆಲ್ಲ ವ್ಯಾಪಾರಿಯನ್ನು ಬಿಟ್ಟರೆ ನಿಯತ್ತಿನವನೂ ಉಳಿಯುವುದಿಲ್ಲ. ಇದಕ್ಕೆ, ಎದುರಿನವನು ಮಾಡಿದ್ದು ಸರಿಯಾಗಿ ಕಾಣದಿದ್ದರೂ ಮತ್ತೆ ಮತ್ತೆ ನಡೆಯುವ ವ್ಯವಹಾರದ ಬಗ್ಗೆ ಅಬ್ರೂ, ಪಿಯರ್ಸ್, ಸ್ಟಾಕೆಟಿ ಬರೆದ 1990ರ ಪೇಪರ್ ಹಿಡಿದಿದ್ದೇನೆ. ಓದು ನಿಧಾನ, ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತದೆ.

ಒಂದು ಎಳೆ ಮಾತ್ರ ಕಂಡಿದೆ. ಮಳೆ ಎಲ್ಲರ ಕಣ್ಣಿಗೂ ಬೀಳುತ್ತದೆ ಅಲ್ವಾ? ಹಾಗಾದರೆ ಹವಾಮಾನ ಚೆನ್ನಾಗಿದ್ದೂ ಬೆಳೆ ಹೋದ ವರ್ಷ ಮಾತ್ರ ವ್ಯಾಪಾರಿಯನ್ನು ಬಿಡುವುದು ಅನ್ನುವ ನಿಯಮ ಇಟ್ಟು, ಆಗ ಆ 480 ಎಷ್ಟಕ್ಕೆ ಹೋಗುತ್ತದೆ ಅಂತ ನೋಡಬೇಕು. ಮುಂದಿನ ಕೆಲಸ ಅದೇ.