ಕಾನಿಗೂ ಶಿಖರಕ್ಕೆ ಮೊನೆ ಬಂದ ಬಗೆ: ಓರೋಗ್ರಾಫ್ ಕೆಲಸದ ಟಿಪ್ಪಣಿ

ಕಾನಿಗೂ ಪರ್ವತದ ನೆತ್ತಿಗೆ ನನ್ನ ಕಾಗದದ ಮೇಲೆ ಕೊನೆಗೂ ಮೊನೆ ಬಂದಿದೆ. ದಕ್ಷಿಣ ಫ್ರಾನ್ಸಿನಲ್ಲಿ, ಪಿರೆನೀಸ್ ಪರ್ವತಸಾಲಿನ ಪೂರ್ವದ ತುದಿಯಲ್ಲಿ 2,784 ಮೀಟರ್ ಎತ್ತರಕ್ಕೆ ಚೂಪಾಗಿ ನಿಂತಿರುವ ಈ ಪರ್ವತವು ಇಷ್ಟು ದಿನ, ಬೆಟ್ಟದ ಅಂಚನ್ನು ಕಾಗದಕ್ಕೆ ಇಳಿಸುವ ನನ್ನ ಓರೋಗ್ರಾಫ್ ಯಂತ್ರದ ಕೈಗೆ ಸಿಕ್ಕಾಗಲೆಲ್ಲ ತಲೆ ಕತ್ತರಿಸಿಕೊಂಡು ಊಟದ ಮೇಜಿನಂತೆ ಚಪ್ಪಟೆಯಾಗಿ ಮೂಡುತ್ತಿತ್ತು. ಕಣಿವೆಗಳ ತಳವೂ ಅಷ್ಟೇ ಸಪಾಟು. ಆ ಚಿತ್ರವನ್ನು ನೋಡಿದವರು ಇದು ಪ್ರಸ್ಥಭೂಮಿಯೇ ಎಂದು ಕೇಳಿದರೆ ಅವರ ತಪ್ಪೇನೂ ಇರಲಿಲ್ಲ.

ಯಂತ್ರದ ಜೋಡಣೆ, ಮರದ ಹಲಗೆಯ ಕೊರೆತ, ಮುಕ್ಕಾಲಿಯ ತಲೆ ಇವೆಲ್ಲವನ್ನೂ ಈ ಹವ್ಯಾಸದವರು ಬಲ್ಲರು, ಅವನ್ನು ಬಿಟ್ಟುಬಿಡುತ್ತೇನೆ. ಹೊಸದಾಗಿ ಬಂದವರಿಗಾಗಿ ಇಷ್ಟು ಸಾಕು: ಪಿರೆನೀಸ್‌ನ ನಕ್ಷೆಕಾರ ಫ್ರಾಂಜ್ ಶ್ರಾಡರ್ 1870ರ ದಶಕದಲ್ಲಿ ಓರೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದ. ದುರ್ಬೀನನ್ನು ಬೆಟ್ಟದ ಅಂಚಿನ ಮೇಲೆ ಓಡಿಸಿದರೆ ಅದರ ಚಲನೆಯೇ ಪೆನ್ಸಿಲ್ಲಿಗೆ ದಾಟಿ, ದುಂಡು ಹಾಳೆಯ ಮೇಲೆ ಸುತ್ತಲಿನ ದಿಗಂತವೆಲ್ಲ ತಾನಾಗಿ ಬರೆಯಲ್ಪಡುತ್ತದೆ. ನನ್ನದು ಅದರ ಬಡ ಸಂಬಂಧಿ. ಇದರಲ್ಲಿ ಮೂಲವೃತ್ತದ (ದುರ್ಬೀನು ಸಮಮಟ್ಟದಲ್ಲಿ, ಅಂದರೆ ಸೊನ್ನೆ ಡಿಗ್ರಿಯಲ್ಲಿ ಇದ್ದಾಗ ಮೂಡುವ ವೃತ್ತದ) ತ್ರಿಜ್ಯ 100 ಮಿ.ಮೀ., ಹಾಳೆಯ ತ್ರಿಜ್ಯ 200 ಮಿ.ಮೀ.; ದುರ್ಬೀನು ಒಂದು ಡಿಗ್ರಿ ಮೇಲೆದ್ದರೆ ಗಿಯರ್ ಮತ್ತು ಹಲ್ಲಿನ ಪಟ್ಟಿಯಾದ ರ‍್ಯಾಕಿನ ಮೂಲಕ ಪೆನ್ಸಿಲ್ 4 ಮಿ.ಮೀ. ಹೊರಗೆ ಸರಿಯುತ್ತದೆ. ಮೂಲವೃತ್ತದ ಬಳಿ ಅಡ್ಡ ಅಳತೆ ಡಿಗ್ರಿಗೆ 1.75 ಮಿ.ಮೀ. ಮಾತ್ರ ಇರುವುದರಿಂದ ಬೆಟ್ಟಗಳು ಇದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರವಾಗಿ ಕಾಣುತ್ತವೆ. ಇದು ನಾನು ಬೇಕೆಂದೇ ಮಾಡಿಕೊಂಡ ಅತಿಶಯೋಕ್ತಿ.

ಪರೀಕ್ಷೆಗೆ ಆರಿಸಿಕೊಂಡ ಊರು ಎಯುಸ್. ತೆತ್ ನದಿಯ ಕಣಿವೆಯ ಮೇಲೆ, ಗುಡ್ಡದ ಮೈಗೆ ಕಲ್ಲಿನ ಮನೆಗಳು ಒಂದರ ಹೆಗಲ ಮೇಲೊಂದು ಏರಿ ಕುಳಿತಿವೆ. ಎಲ್ಲಕ್ಕಿಂತ ಮೇಲೆ ಹಳೆಯ ಕೋಟೆಯ ಜಾಗದಲ್ಲಿ 18ನೆಯ ಶತಮಾನದಲ್ಲಿ ಕಟ್ಟಿದ ಸಂತ ವಿನ್ಸೆಂಟನ ಚರ್ಚ್ ಇದೆ. ಫ್ರಾನ್ಸಿನಲ್ಲೇ ಅತಿ ಹೆಚ್ಚು ಬಿಸಿಲು ಬೀಳುವ ಹಳ್ಳಿ ತಮ್ಮದೆಂದು ಊರಿನವರು ಹೇಳಿಕೊಳ್ಳುತ್ತಾರೆ; ಹನ್ನೆರಡು ಕಿಲೋ ತೂಕದ ಪೆಟ್ಟಿಗೆಯನ್ನು ಹೊತ್ತು ಆ ಮೆಟ್ಟಿಲ ಓಣಿಗಳನ್ನು ಹತ್ತಿದವನು ಈ ಮಾತಿಗೆ ಎದುರಾಡುವುದಿಲ್ಲ. ನನಗೆ ಬೇಕಾದದ್ದು ಬೇರೆ. ಎಯುಸ್‌ನಿಂದ ಕಾನಿಗೂ ಹೆಚ್ಚು ಕಡಿಮೆ ನೇರ ದಕ್ಷಿಣಕ್ಕೆ, 14 ಕಿ.ಮೀ. ದೂರದಲ್ಲಿದೆ. ಊರು ಸುಮಾರು 380 ಮೀಟರ್ ಎತ್ತರದಲ್ಲಿರುವುದರಿಂದ ಶಿಖರವು ದಿಗಂತರೇಖೆಯಿಂದ ಸುಮಾರು 9.7 ಡಿಗ್ರಿ ಮೇಲೆ ಕಾಣಬೇಕು. ಭೂಮಿಯ ದುಂಡುತನ ಈ ದೂರಕ್ಕೆ ಕಸಿಯುವುದು ಹತ್ತು ಹದಿನೈದು ಮೀಟರ್ ಅಷ್ಟೇ. ಅಂದರೆ ಪೆನ್ಸಿಲ್ ಮೂಲವೃತ್ತದಿಂದ 39 ಮಿ.ಮೀ. ಹೊರಗೆ ನಿಲ್ಲಬೇಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕದ ಮುಂದೆ ಯಂತ್ರವನ್ನು ಕೂರಿಸಿದರೆ ಅದಕ್ಕೆ ಸುಳ್ಳು ಹೇಳಲು ಜಾಗವಿರುವುದಿಲ್ಲ. ಈ ದಿಕ್ಕಿನಿಂದ ಒಂದು ತೊಂದರೆಯೂ ಇದೆ: ಮಧ್ಯಾಹ್ನದ ಹೊತ್ತಿಗೆ ಸೂರ್ಯ ಶಿಖರದ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ, ಆಗ ಪರ್ವತವೆಲ್ಲ ಒಂದೇ ಬೂದುಬಣ್ಣದ ಗೋಡೆಯಾಗಿಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರೊಳಗೆ ಗೆರೆ ಮುಗಿಯಬೇಕು.

ಗೆರೆ ಮುಗಿಯುತ್ತಿತ್ತು, ಶಿಖರ ಮಾತ್ರ ಇರುತ್ತಿರಲಿಲ್ಲ. ಪೂರ್ವದ ಏಣನ್ನು ಏರುವಾಗ ಪೆನ್ಸಿಲ್ ಶ್ರದ್ಧೆಯಿಂದ ಏರುತ್ತಿತ್ತು. ತುದಿ ಮುಟ್ಟಿ ದುರ್ಬೀನನ್ನು ಪಶ್ಚಿಮದ ಇಳಿಜಾರಿಗೆ ತಿರುಗಿಸಿದರೆ ಪೆನ್ಸಿಲ್ ಸ್ವಲ್ಪ ದೂರ ಇದ್ದಲ್ಲೇ ಇದ್ದು, ಆಮೇಲೆ ಏನೋ ನೆನಪಾದವರಂತೆ ಇಳಿಯತೊಡಗುತ್ತಿತ್ತು. ಕೆಟ್ಟದ್ದು ಶೂನ್ಯದ ಹೊಂದಿಕೆಯೋ, ಮುಕ್ಕಾಲಿ ವಾಲುತ್ತಿದೆಯೋ, ಗಿಯರಿನದೇ ದೋಷವೋ ಎಂಬುದನ್ನು ಎಯುಸ್‌ನ ಮೆಟ್ಟಿಲ ಮೇಲೆ ಕುಳಿತು ತೀರ್ಮಾನಿಸಲು ಸಾಧ್ಯವಿರಲಿಲ್ಲ. ಅದಕ್ಕಾಗಿ ನಿಂತ ನೀರು ಬೇಕಾಗಿತ್ತು.

ಹಳ್ಳಿಯಿಂದ ಇಳಿದು, ಪೀಚ್ ತೋಟಗಳ ನಡುವೆ ಹಾದು, ನದಿಯ ಜೊತೆಯಲ್ಲೇ ಕೆಳಮುಖವಾಗಿ ನಡೆದರೆ ವಿಂಸಾ ಸಿಗುತ್ತದೆ. ಅಲ್ಲಿ ತೆತ್ ನದಿಗೆ ಅಣೆಕಟ್ಟಿದೆ, ಹಿಂದೆ ಜಲಾಶಯವಿದೆ. ಗಾಳಿ ಏಳುವ ಮುನ್ನ ದಡದಲ್ಲಿ ಯಂತ್ರವನ್ನು ನಿಲ್ಲಿಸಿದರೆ ಕಾನಿಗೂ ಮೇಲೂ ಇರುತ್ತದೆ, ನೀರಿನಲ್ಲೂ ಇರುತ್ತದೆ. ನಾವಿಕರು ಸೆಕ್ಸ್‌ಟಂಟ್ ಎಂಬ ಕೋನಮಾಪಕದಿಂದ ದಡದ ಮೇಲೆ ಎತ್ತರ ಅಳೆಯಲು ಪಾದರಸದ ತಟ್ಟೆಯನ್ನು ಬಳಸುತ್ತಿದ್ದದ್ದು ಇದೇ ತತ್ತ್ವದ ಮೇಲೆ: ನಿಜವಾದ ಶಿಖರ ಎಷ್ಟು ಮೇಲಿದೆಯೋ ಪ್ರತಿಬಿಂಬ ಅಷ್ಟೇ ಕೆಳಗಿರುತ್ತದೆ, ಎರಡರ ನಡುವಿನ ಅರ್ಧವೇ ಸರಿಯಾದ ಶೂನ್ಯ. ಶಿಖರ ಹದಿನೈದು ಕಿ.ಮೀ. ದೂರದಲ್ಲಿರುವಾಗ ಯಂತ್ರವು ನೀರಿಗಿಂತ ಎರಡು ಮೀಟರ್ ಮೇಲಿದ್ದರೆ ಏನೂ ನಷ್ಟವಿಲ್ಲ, ಮುಂದಿನ ಹನ್ನೆರಡು ಮೀಟರಿನಷ್ಟು ನೀರು ಅಲುಗಾಡದಿದ್ದರೆ ಸಾಕು. ಹೀಗೆ ಶೂನ್ಯವನ್ನು ಕೂಡಿಸಿದ ಮೇಲೆ ಶಿಖರವನ್ನು ಒಮ್ಮೆ ಕೆಳಗಿನಿಂದ ಏರುತ್ತ, ಒಮ್ಮೆ ಆಕಾಶದಿಂದ ಇಳಿಯುತ್ತ ಮುಟ್ಟಿದೆ. ಎರಡು ಗುರುತುಗಳ ನಡುವೆ 1.2 ಮಿ.ಮೀ. ಅಂತರ ಬಂತು. ಪ್ರತಿಬಿಂಬದಲ್ಲೂ ಅದೇ 1.2. ಶೂನ್ಯವನ್ನು ಅತ್ತಿತ್ತ ಸರಿಸಿದರೆ ಗುರುತುಗಳೆರಡೂ ಜೊತೆಯಾಗಿ ಸರಿದವೇ ಹೊರತು ಅವುಗಳ ನಡುವಿನ ಅಂತರ ಕದಲಲಿಲ್ಲ. ಅಲ್ಲಿಗೆ ಮುಕ್ಕಾಲಿ ನಿರಪರಾಧಿ. ಅಪರಾಧಿ ಗಿಯರ್ ಹಲ್ಲುಗಳ ನಡುವಿನ ಸಂದು, ಅಂದರೆ ಬ್ಯಾಕ್‌ಲ್ಯಾಶ್. 1.2 ಮಿ.ಮೀ. ಎಂದರೆ 0.3 ಡಿಗ್ರಿ, ಎಯುಸ್‌ನಿಂದ ನೋಡಿದರೆ ಪರ್ವತದ ಮೇಲೆ 73 ಮೀಟರ್! ಅಷ್ಟು ಎತ್ತರದ ತಲೆಯನ್ನು ನಾನು ಪ್ರತಿದಿನ ಬೆಳಿಗ್ಗೆ ಕಡಿದು ಬೀಳಿಸುತ್ತಿದ್ದೆ.

ಇನ್ನು ಬಿಡಿಭಾಗ ಮಾರುವವರ ವಿಷಯ. ‘ಶೂನ್ಯ ಬ್ಯಾಕ್‌ಲ್ಯಾಶ್’ ಎಂಬ ದಪ್ಪಕ್ಷರದ ಜಾಹೀರಾತನ್ನು ನಂಬಿ 0.5 ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) ಹಿತ್ತಾಳೆ ಪಿನಿಯನ್, ಅಂದರೆ ಸಣ್ಣ ಗಿಯರ್, ತರಿಸಿದರೆ ಪೊಟ್ಟಣದಲ್ಲಿ ಬಂದದ್ದು 0.8 ಮಾಡ್ಯೂಲಿನದು. ಹಲ್ಲು ಹಲ್ಲಿಗೆ ಕೂರಲೇ ಇಲ್ಲ. ಆ ಮಟ್ಟಿಗೆ ಬ್ಯಾಕ್‌ಲ್ಯಾಶ್ ಶೂನ್ಯವೆಂಬುದು ನಿಜ. ಹಿಂದಿರುಗಿಸುವ ಅಂಚೆಯ ಖರ್ಚು ಪಿನಿಯನ್ನಿನ ಬೆಲೆಗಿಂತ ಹೆಚ್ಚಾದ್ದರಿಂದ ಅದು ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ಹಲ್ಲುಗಳನ್ನು ಇನ್ನಷ್ಟು ಒತ್ತಿ ಜೋಡಿಸಿದರೆ ಸಂದು ಕಡಿಮೆಯಾಗುತ್ತದೆ, ನಿಜ. ಆದರೆ ಆಗ ದುರ್ಬೀನು ಬಿಗಿಯಾಗಿ, ಕೈ ತಡವರಿಸಿ, ಬಂಡೆಗಳ ಸಣ್ಣ ಅಂಕುಡೊಂಕೆಲ್ಲ ಗೆರೆಯಿಂದ ಮಾಯವಾಗುತ್ತದೆ. ಇಂಥ ಅಗ್ಗದ ಹಲ್ಲುಗಳಲ್ಲಿ ಸಂದನ್ನು ಅಳಿಸಹೋಗುವುದಕ್ಕಿಂತ ಹಲ್ಲಿನ ಒಂದೇ ಮುಖ ಸದಾ ತಾಗಿರುವಂತೆ ಎಳೆದು ಹಿಡಿಯುವುದು ಜಾಣತನ.

ಎಳೆಯಲು ಮೊದಲು ಸೀಸದ ಗುಂಡು ಕಟ್ಟಿದೆ. ತೆತ್ ನದಿಯಲ್ಲಿ ಟ್ರೌಟ್ ಮೀನು ಹಿಡಿಯುವವರು ಬಹಳ, ಹಾಗಾಗಿ ಗಾಳದ ಗುಂಡಿಗೆ ಆ ಕಡೆ ಬರವಿಲ್ಲ. ರ‍್ಯಾಕಿನ ತುದಿಗೆ ದಾರ, ದಾರಕ್ಕೆ ಸಣ್ಣ ಗಾಲಿ, ಗಾಲಿಯಿಂದ ಕೆಳಗೆ ಗುಂಡು. ಮನೆಯೊಳಗೆ ಇದು ಸೊಗಸಾಗಿ ಕೆಲಸ ಮಾಡಿತು. ಎಯುಸ್‌ನಲ್ಲಿ ಮಾತ್ರ ವಾಯವ್ಯದಿಂದ ಬೀಸುವ ತ್ರಾಮೊಂತಾನ್ ಗಾಳಿ ಗುಂಡನ್ನು ಲೋಲಕದಂತೆ ತೂಗಿ, ಕಾನಿಗೂವಿನ ಏಣಿನ ಉದ್ದಕ್ಕೂ ಪ್ರಕೃತಿಯಲ್ಲಿಲ್ಲದ ಗುಡ್ಡಗಳನ್ನು ಒಂದೇ ಅಳತೆಯ ಅಂತರದಲ್ಲಿ ಸೃಷ್ಟಿಸಿತು. ಬಾಲ್‌ಪೆನ್ನಿನ ಸ್ಪ್ರಿಂಗಿಗೆ ಗಾಳಿಯ ಭಯವಿಲ್ಲ, ಆದರೆ ಹಿಗ್ಗಿದಷ್ಟೂ ಅದರ ಎಳೆತ ಹೆಚ್ಚುತ್ತದೆ; ಶಿಖರದ ಬಳಿ ಪೆನ್ಸಿಲ್ ನಡುಗುತ್ತಿತ್ತು, ಕಣಿವೆಯ ಬಳಿ ಎಳೆತವೇ ಸಾಲದೆ ಹಲ್ಲು ಮತ್ತೆ ಸಡಿಲವಾಗುತ್ತಿತ್ತು.

ಪರಿಹಾರ ಸಿಕ್ಕಿದ್ದು ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಮುರುಕಲು ಅಳತೆ ಟೇಪಿನೊಳಗೆ. ಟೇಪನ್ನು ಒಳಕ್ಕೆಳೆದುಕೊಳ್ಳುವ ಸುರುಳಿ ಪಟ್ಟಿಯ ಗುಣವೆಂದರೆ ಐದು ಸೆಂಟಿಮೀಟರ್ ಎಳೆದರೂ ಹತ್ತು ಎಳೆದರೂ ಅದರ ಬಲ ಬಹುಮಟ್ಟಿಗೆ ಒಂದೇ. ಅದನ್ನು ಹಲಗೆಯ ಕೆಳಗೆ ಕೂರಿಸಿ ರ‍್ಯಾಕನ್ನು ಒಳಮುಖವಾಗಿ ಎಳೆಸಿದೆ. ಬಲ ಜಾಸ್ತಿಯಾಗಿ, ಕೈಬಿಟ್ಟೊಡನೆ ದುರ್ಬೀನು ತಲೆತಗ್ಗಿಸಿ ನೆಲ ನೋಡತೊಡಗಿತು. ಗಾಳದ ಗುಂಡನ್ನು ದಾರವಿಲ್ಲದೆ, ಕಣ್ಣಿಡುವ ತುದಿಗೇ ಬಿಗಿಯಾಗಿ ಬಿಗಿದೊಡನೆ ಅದು ಸಮತೂಕಕ್ಕೆ ಬಂತು. ಒಂದು ಕಡೆ ಸುರುಳಿಯ ಎಳೆತ, ಇನ್ನೊಂದು ಕಡೆ ಸೀಸದ ಭಾರ, ನಡುವೆ ಸಿಕ್ಕಿಬಿದ್ದ ಗಿಯರಿಗೆ ಹಲ್ಲು ಬಿಡಲು ಆಸ್ಪದವೇ ಇಲ್ಲ. ಮರುಪರೀಕ್ಷೆಯಲ್ಲಿ ಏರುವ ಗುರುತೂ ಇಳಿಯುವ ಗುರುತೂ ಪೆನ್ಸಿಲ್ ಗೆರೆಯ ದಪ್ಪದೊಳಗೆ ಒಂದಾದವು. ಎಯುಸ್‌ನ ಚರ್ಚಿನ ಬಳಿಯಿಂದ ಬರೆದ ಹಾಳೆಯಲ್ಲಿ ಶಿಖರವು ಮೂಲವೃತ್ತದಿಂದ 39 ಮಿ.ಮೀ. ದೂರದಲ್ಲಿ, ಮೊನೆಯ ಸಮೇತ ನಿಂತಿದೆ.

ಗೆದ್ದ ಹುಮ್ಮಸ್ಸಿನಲ್ಲಿ ಯಂತ್ರವನ್ನು ನದಿಯ ಮೇಲ್ಮುಖವಾಗಿ ವಿಲ್‌ಫ್ರಾಂಶ್-ದ-ಕಾನ್‌ಫ್ಲಾಂ ಊರಿಗೆ ಒಯ್ದೆ. ತೆತ್ ಮತ್ತು ಕಾದಿ ನದಿಗಳು ಸೇರುವಲ್ಲಿ, ಕಡಿದಾದ ಬೆಟ್ಟಗಳ ಸಂದಿನಲ್ಲಿ ಕುಳಿತಿರುವ ಈ ಕೋಟೆಯ ಊರಿನ ಬೀದಿಯಿಂದ ಆಕಾಶ ಕಾಣಬೇಕಾದರೆ ಕತ್ತು ಎತ್ತಬೇಕು. ಬೆಟ್ಟದ ಅಂಚು 25 ಡಿಗ್ರಿ ದಾಟಿದೊಡನೆ ನನ್ನ ಪೆನ್ಸಿಲ್ ಹಾಳೆಯಿಂದ ಹೊರಬಿದ್ದು ಹಲಗೆಯ ಮೇಲೆ ಗೀಚತೊಡಗಿತು. ಸುತ್ತಲಿನ ಎತ್ತರ ಇಲ್ಲಿ ತಲೆನೋವಾದದ್ದು ನನ್ನೊಬ್ಬನಿಗೇ ಅಲ್ಲ: ಮೇಲಿನಿಂದ ಶತ್ರು ನೇರವಾಗಿ ಊರೊಳಗೆ ಗುಂಡು ಹಾರಿಸಬಹುದೆಂದು ಕಂಡ ಫ್ರೆಂಚ್ ಸೇನಾ ಎಂಜಿನಿಯರ್ ವೋಬಾಂ 17ನೆಯ ಶತಮಾನದಲ್ಲಿ ಆ ಬೆಟ್ಟದ ಮೇಲೆಯೇ ಲಿಬೇರಿಯಾ ಕೋಟೆಯನ್ನು ಕಟ್ಟಿಸಿದ. ಊರಿಗೂ ಕೋಟೆಗೂ ನಡುವೆ 734 ಮೆಟ್ಟಿಲುಗಳ ನೆಲದಡಿಯ ದಾರಿ ಮೂರನೆಯ ನೆಪೋಲಿಯನ್ನನ ಕಾಲದ್ದು. ವೋಬಾಂನ ಇತರ ಕೋಟೆಗಳ ಜೊತೆಗೆ ಈ ಊರು 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನನಗೆ ಇಲ್ಲಿ ಬೇಕಾದದ್ದು ಡಿಗ್ರಿಗೆ 2 ಮಿ.ಮೀ. ಮಾತ್ರ ಸರಿಯುವ ಬೇರೊಂದು ಗಿಯರ್ ಜೋಡಿ.

ಇದಕ್ಕೆ ತೀರ ವಿರುದ್ಧವಾದ ಗಿಯರ್ ಬೇಡುವ ಯೋಜನೆಯೊಂದು ತಲೆಯಲ್ಲಿ ಈಗಾಗಲೇ ಸುತ್ತುತ್ತಿದೆ. ಫೆಬ್ರುವರಿಯ ಎರಡನೆಯ ವಾರದ ಹೊತ್ತಿಗೆ ಮತ್ತು ಅಕ್ಟೋಬರ್ ಕೊನೆಯಲ್ಲಿ, ಮಾರ್ಸೆ ನಗರದ ಹಿಂದಿನ ಗುಡ್ಡಗಳಿಂದ ನೋಡಿದರೆ ಸೂರ್ಯ ಇದೇ ಕಾನಿಗೂವಿನ ಹಿಂದೆ ಮುಳುಗುತ್ತಾನೆ. 250 ಕಿ.ಮೀ.ಗೂ ಮೀರಿದ ಆ ದೂರದಲ್ಲಿ ಪರ್ವತದ ಬಹುಪಾಲು ಭೂಮಿಯ ಬಾಗಿನ ಹಿಂದೆ ಮರೆಯಾಗಿ, ಗಾಳಿಯಲ್ಲಿ ಬಾಗಿ ಬಂದ ಬೆಳಕಿನ ಕೃಪೆಯಿಂದ ತುದಿಯಷ್ಟೇ ಸೂರ್ಯಬಿಂಬದ ಮೇಲೆ ಕಪ್ಪಾಗಿ ಕಾಣುತ್ತದೆ. ಆ ತುದಿ ಇನ್ನೂರು ಮೀಟರ್ ಇದ್ದರೂ ನನ್ನ ಹಾಳೆಯ ಮೇಲೆ ಅದು ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವೂ ಆಗುವುದಿಲ್ಲ, ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಡಿಗ್ರಿಗೆ ಕಡಿಮೆಯೆಂದರೆ 100 ಮಿ.ಮೀ. ಬೇಕು, ಅದಕ್ಕೆ ದುಂಡು ಹಾಳೆ ಬಿಟ್ಟು ಉದ್ದ ಪಟ್ಟಿ, ಇನ್ನೊಂದು ಸುರುಳಿ, ಇನ್ನಷ್ಟು ಸೀಸ. ಮೊದಲು ವಿಲ್‌ಫ್ರಾಂಶ್‌ನ 2 ಮಿ.ಮೀ. ಜೋಡಿ ಆಗಲಿ. 0.5 ಮಾಡ್ಯೂಲ್ ಕೇಳಿದರೆ 0.5 ಮಾಡ್ಯೂಲನ್ನೇ ಕಳಿಸುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು.