1.8 ಮೆಗಾಹರ್ಟ್ಸ್ ಒಂದನ್ನು ಬಿಟ್ಟು

ಹದಿನಾಲ್ಕು ವರ್ಷ ನನ್ನ ಹವ್ಯಾಸಿ ರೇಡಿಯೋ (ಹ್ಯಾಮ್) ಮೇಜಿನ ಎಡಬದಿಯಲ್ಲಿದ್ದ ಲೀನಿಯರ್ ಆಂಪ್ಲಿಫೈಯರನ್ನು ಮಾರಲು ನಿರ್ಧರಿಸಿದಾಗ, ಮಾರಾಟದ ಪ್ರಕಟಣೆ ಬರೆಯುವುದು ಅರ್ಧ ಗಂಟೆಯ ಕೆಲಸವೆಂದು ತಿಳಿದಿದ್ದೆ. ಅದಕ್ಕೆ ಮೂರು ಸಂಜೆಗಳು ಹಿಡಿದವು. 3-500 ಝಡ್ ಎಂಬ ಎರಡು ಗಾಜಿನ ನಿರ್ವಾತ ವಾಲ್ವ್‌ಗಳ ಆ ಯಂತ್ರ, ಸಂಕೇತ ಕಳಿಸುವ-ಪಡೆಯುವ ರೇಡಿಯೋ ಆದ ಟ್ರಾನ್ಸೀವರಿನಿಂದ ಬರುವ 80 ವಾಟ್ ಸಂಕೇತವನ್ನು 1000 ವಾಟ್‌ವರೆಗೆ ಏರಿಸುತ್ತಿತ್ತು. ಮಹಡಿಯ ಚಿಕ್ಕ ಮನೆಗೆ ಹೋಗಬೇಕಾಗಿ ಬಂದಿದ್ದರಿಂದ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಯಂತ್ರದಲ್ಲಿ ಇದ್ದದ್ದು ಒಂದೇ ದೋಷ, ಅದೂ ನನ್ನ ಕೈಯಿಂದಲೇ ಆದದ್ದು.

ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಯ ರಾತ್ರಿ, ತಾತ್ಕಾಲಿಕವಾಗಿ ಎಳೆದ ಉದ್ದನೆಯ ತಂತಿಯೊಂದರ ನೆಚ್ಚಿಕೆಯಲ್ಲಿ 160 ಮೀಟರ್ ತರಂಗದ, ಅಂದರೆ 1.8 ಮೆಗಾಹರ್ಟ್ಸ್‌ನ, ಬ್ಯಾಂಡಿಗೆ ಇಳಿದಿದ್ದೆ. ಬೆಳಗಿನ ಜಾವ ಬ್ಯಾಂಡ್ ಬದಲಿಸುವ ಆತುರದಲ್ಲಿ, ಒತ್ತಿದಷ್ಟು ಹೊತ್ತು ಪ್ರಸಾರ ನಡೆಸುವ ಕಾಲಡಿಯ ಸ್ವಿಚ್ಚಿನಿಂದ ಪಾದವನ್ನು ಎತ್ತುವ ಮೊದಲೇ ಬ್ಯಾಂಡ್ ಸ್ವಿಚ್ಚನ್ನು ತಿರುಗಿಸಿಬಿಟ್ಟೆ. ಪೂರ್ಣ ಶಕ್ತಿ ಹರಿಯುತ್ತಿರುವಾಗ ಸಂಪರ್ಕ ಬಿಡಿಸಿದರೆ ಅಲ್ಲಿ ಕಿಡಿ ಏಳದೆ ಇರುವುದಿಲ್ಲ. ಚಟಪಟ ಸದ್ದು ಕೇಳಿಸಿ, ಓಝೋನಿನ ಚುಚ್ಚುವ ವಾಸನೆ ಬಂತು. ಅಂದಿನಿಂದ 1.8 ಮೆಗಾಹರ್ಟ್ಸ್‌ನಲ್ಲಿ ಔಟ್‌ಪುಟ್ 400 ವಾಟ್ ದಾಟಿಲ್ಲ. ಉಳಿದ ಬ್ಯಾಂಡುಗಳಿಗೆ ಏನೂ ಆಗಿರಲಿಲ್ಲ.

ಪ್ರಕಟಣೆ ಬರೆಯುವ ಮೊದಲು ಮುಚ್ಚಳ ತೆರೆದು ಇನ್ನೊಮ್ಮೆ ನೋಡುವುದು ಒಳ್ಳೆಯದೆನಿಸಿತು. ಮೂರು ಸಾವಿರ ವೋಲ್ಟ್ ಇರುವ ಯಂತ್ರದ ಒಳಗೆ ಕೈ ಹಾಕುವುದೆಂದರೆ ಆಟವಲ್ಲ. ಪ್ಲಗ್ ಕಿತ್ತು, ವೋಲ್ಟ್ ಮೀಟರಿನ ಮುಳ್ಳು ಸೊನ್ನೆಗೆ ಬರುವವರೆಗೆ ಕಾದು, ಆಮೇಲೆ ಷಾಸಿಗೆ (ಯಂತ್ರದ ಲೋಹದ ಚೌಕಟ್ಟಿಗೆ) ಜೋಡಿಸಿದ ತಂತಿಯನ್ನು ವಿದ್ಯುತ್ ಹರಿಯದ ಉದ್ದ ಕೋಲಿನ ತುದಿಯಿಂದ ಪ್ಲೇಟ್ ಲೈನಿಗೆ, ಅಂದರೆ ವಾಲ್ವಿನೊಳಗಿನ ಲೋಹದ ಪ್ಲೇಟಿಗೆ ಆ ವೋಲ್ಟೇಜು ಒಯ್ಯುವ ತಂತಿಗೆ, ತಾಗಿಸಿದೆ. ಫಿಲ್ಟರ್ ಕೆಪಾಸಿಟರುಗಳನ್ನು ಬರಿದು ಮಾಡುವ ಬ್ಲೀಡರ್ ರೆಸಿಸ್ಟರೂ ಮೀಟರೂ ಎಂದಾದರೂ ಕೆಟ್ಟಿರಬಹುದಾದ್ದರಿಂದ ಮೀಟರ್ ಒಂದನ್ನೇ ನಂಬುವುದು ತಪ್ಪು. ಭೂತಗನ್ನಡಿ ಹಿಡಿದು ನೋಡಿದಾಗ, ಬ್ಯಾಂಡ್ ಸ್ವಿಚ್ಚಿನ ಸೆರಾಮಿಕ್ ವೇಫರಿನ (ಸಂಪರ್ಕಗಳನ್ನು ಹೊತ್ತ ಬಿಲ್ಲೆಯ) ಮೇಲೆ ಒಂದು ಸಂಪರ್ಕದ ಬೆಳ್ಳಿ ಲೇಪ ಪೂರ್ತಿ ಸುಟ್ಟು, ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಳಿ ಬಿದ್ದಿತ್ತು. ಟ್ಯೂನಿಂಗ್ ಕೆಪಾಸಿಟರಿಗೆ 160 ಮೀಟರಿನಲ್ಲಿ ಮಾತ್ರ ಹೆಚ್ಚುವರಿ ಕೆಪಾಸಿಟರ್ ಸೇರಿಸುವ ಸಂಪರ್ಕ ಅದು. ಅದರ ಪಕ್ಕದವೆಲ್ಲ ಹೊಳೆಯುತ್ತಿದ್ದವು.

ಮೊದಲ ಸಂಜೆ "ಸಣ್ಣ ದೋಷವಿದೆ, ಬಳಕೆಗೆ ಅಡ್ಡಿಯಿಲ್ಲ" ಎಂದು ಬರೆದೆ. ಮರುದಿನ ಓದಿದಾಗ ಆ ಸಾಲು ಮನಸ್ಸಿಗೆ ಒಗ್ಗಲಿಲ್ಲ. ಅರ್ಧ ತರಂಗದ ಆಂಟೆನಾಗೆ ಸುಮಾರು 80 ಮೀಟರ್ ಉದ್ದದ ತಂತಿ ಬೇಕಾಗುವ ಆ ಬ್ಯಾಂಡಿಗೆ ನನ್ನಲ್ಲಿ ಎಂದೂ ಜಾಗವಿರಲಿಲ್ಲ. ಹಾಗಾಗಿ ನನಗೆ ದೋಷ ಸಣ್ಣದಾಗಿ ಕಂಡಿತ್ತು, ಅಷ್ಟೆ. ಅದು ಸಣ್ಣದೋ ದೊಡ್ಡದೋ ಎಂದು ಹೇಳುವ ಹಕ್ಕು ಕೊಳ್ಳುವವರದು. "ಸಣ್ಣ" ಎಂಬ ಪದವನ್ನೇ ತೆಗೆದು, ಯಾವ ಸಂಪರ್ಕ ಸುಟ್ಟಿದೆ, ಹೇಗೆ ಸುಟ್ಟಿತು, ಯಾವ ಬ್ಯಾಂಡಿನಲ್ಲಿ ಎಷ್ಟು ವಾಟ್ ಸಿಗುತ್ತದೆ ಎಂದು ಬಿಡಿಸಿ ಬರೆದು, ಗುಳಿ ಬಿದ್ದ ಜಾಗದ ಚಿತ್ರವನ್ನೂ ಸೇರಿಸಿದೆ. ಹೊಸ ವೇಫರಿನ ಖರ್ಚನ್ನೂ ಅದನ್ನು ಕೂರಿಸುವ ಎರಡು ದಿನದ ದುಡಿಮೆಯನ್ನೂ ಬೆಲೆಯಲ್ಲಿ ಮೊದಲೇ ಕಳೆದಿದ್ದೆ.

ಮೊದಲು ಕರೆ ಮಾಡಿದವರು 160 ಮೀಟರಿಗಾಗಿಯೇ ಎತ್ತರದ ಟವರ್ ನಿಲ್ಲಿಸಿಕೊಂಡವರು. ಅವರಿಗೆ ಬೇಕಾಗಿದ್ದದ್ದು ಇದರಲ್ಲಿ ಕೆಟ್ಟಿದ್ದ ಆ ಒಂದೇ ಬ್ಯಾಂಡ್. "ಸ್ಪಷ್ಟವಾಗಿ ಬರೆದಿದ್ದಕ್ಕೆ ವಂದನೆ, ಸರ್. ಇಲ್ಲದಿದ್ದರೆ ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುತ್ತಿದ್ದೆ" ಎಂದು ಫೋನ್ ಇಟ್ಟರು. ವ್ಯಾಪಾರ ತಪ್ಪಿದರೂ ಆ ರಾತ್ರಿ ನನಗೆ ನೆಮ್ಮದಿಯಾಗಿತ್ತು.

ಎರಡನೆಯವರು ಹತ್ತು ದಿನ ಬಿಟ್ಟು ಖುದ್ದಾಗಿ ಬಂದರು. ಈ ಯಂತ್ರವನ್ನು ಯಾರಿಗೆಂದರೆ ಅವರಿಗೆ ಕೊಡುವಂತಿಲ್ಲವಾದ್ದರಿಂದ ಮೊದಲು ಅವರ ಪರವಾನಗಿಯನ್ನೂ ಅದರಲ್ಲಿ ಅನುಮತಿಸಿದ ಶಕ್ತಿಯ ಮಿತಿಯನ್ನೂ ನೋಡಿದೆ. ಆಮೇಲೆ ಆಂಟೆನಾ ಬಿಡಿಸಿ, 50 ಓಮ್‌ನ ಡಮ್ಮಿ ಲೋಡ್ (ಶಕ್ತಿಯನ್ನು ಪ್ರಸಾರ ಮಾಡದೆ ಶಾಖವಾಗಿಸುವ ಸಾಧನ) ಮತ್ತು ವಾಟ್ ಮೀಟರ್ ಜೋಡಿಸಿ, ಒಂದೊಂದೇ ಬ್ಯಾಂಡನ್ನು ಅವರ ಕಣ್ಣೆದುರೇ ಟ್ಯೂನ್ ಮಾಡಿ ತೋರಿಸಿದೆ. 14 ಮೆಗಾಹರ್ಟ್ಸ್‌ನಲ್ಲಿ ಮುಳ್ಳು 1000ಕ್ಕೆ ಹೋಗಿ ನಿಂತಿತು. ಟ್ಯೂನಿಂಗ್ ತುಸು ಹೆಚ್ಚು ಹೊತ್ತು ನಡೆದಾಗ ಪ್ಲೇಟುಗಳು ಮಂದವಾಗಿ ಕೆಂಪೇರಿದವು, ಅವರು ಗಾಬರಿಯಾದರು. 3-500 ಝಡ್ ವಾಲ್ವಿನಲ್ಲಿ ಅಷ್ಟು ಕೆಂಪು ಸಹಜವೆಂದೂ, ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲು ಆ ಬಿಸಿಯೇ ಬೇಕೆಂದೂ ವಿವರಿಸಿದೆ. ಕೊನೆಗೆ 1.8ಕ್ಕೆ ತಿರುಗಿಸಿ, ಮುಳ್ಳು 400ರ ಹತ್ತಿರ ನಡುಗುವುದನ್ನು ತೋರಿಸಿ, ಸುಟ್ಟ ಸಂಪರ್ಕ ಇನ್ನಷ್ಟು ಹಾಳಾಗದಿರಲೆಂದು ಕೂಡಲೇ ನಿಲ್ಲಿಸಿದೆ.

"ನನ್ನ ಮನೆಯಲ್ಲಿ 40 ಮೀಟರ್ ಬ್ಯಾಂಡಿನ ತಂತಿಗೇ ಜಾಗ ಸಾಲದು, ಸರ್" ಎಂದು ಅವರು ನಕ್ಕರು. ಬೆಲೆಯ ವಿಷಯದಲ್ಲಿ ಚೌಕಾಸಿ ನಡೆಯಲಿಲ್ಲ. 100 ವಾಟಿನಿಂದ 1000 ವಾಟಿಗೆ ಏರಿದರೆ ಸಿಗುವುದು 10 ಡೆಸಿಬೆಲ್, ಎದುರಿನವರ ರೇಡಿಯೋದಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಎರಡು ಅಂಕಕ್ಕೂ ಕಡಿಮೆ. ಇದನ್ನೂ ಹೇಳಿದೆ. ಒಳ್ಳೆಯ ಆಂಟೆನಾ ಇಲ್ಲದವರು ಮೊದಲು ಅದಕ್ಕೆ ಹಣ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರ ತೀರ್ಮಾನ ಬದಲಾಗಲಿಲ್ಲ.

ಇಪ್ಪತ್ತು ಕಿಲೋಗೂ ಹೆಚ್ಚು ತೂಗುವ ಟ್ರಾನ್ಸ್‌ಫಾರ್ಮರನ್ನು ಒಳಗೇ ಬಿಟ್ಟು ಸಾಗಿಸಿದರೆ ದಾರಿಯ ಕುಲುಕಾಟಕ್ಕೆ ಷಾಸಿಯೇ ಬಾಗುತ್ತದೆ. ಆದ್ದರಿಂದ ಇಬ್ಬರೂ ಕೂಡಿ ಅದನ್ನು ಬಿಚ್ಚಿ, ಪ್ರತಿ ತಂತಿಗೂ ಅಂಕಿಯ ಚೀಟಿ ಅಂಟಿಸಿ, ಬೇರೆ ಪೆಟ್ಟಿಗೆಗೆ ಇಳಿಸಿದೆವು. ವಾಲ್ವ್‌ಗಳನ್ನು ಕಿತ್ತು ನೆಟ್ಟಗೆ ನಿಲ್ಲಿಸಿ ಸುತ್ತಲೂ ಸ್ಪಂಜು ತುಂಬಿದೆವು. ಮಾರಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೆ ಎಷ್ಟೋ ರಾತ್ರಿಗಳಲ್ಲಿ ಕೋಣೆಗೆ ಬೆಳಕಾಗಿದ್ದ ಆ ಎರಡು ಗಾಜುಗಳನ್ನು ಕೈಯಾರೆ ಸುತ್ತಿ ಇಡುವಾಗ ಮಾತ್ರ ಗಂಟಲು ಕಟ್ಟಿತು.

ನಾಲ್ಕನೆಯ ದಿನ ಅವರ ಕರೆ ಬಂತು. ಎಲ್ಲ ಜೋಡಿಸಿದ ಮೇಲೆ ಪ್ಲೇಟ್ ವೋಲ್ಟೇಜು ನಾನು ಬರೆದುಕೊಟ್ಟದ್ದಕ್ಕಿಂತ 200 ವೋಲ್ಟ್ ಕಡಿಮೆ ತೋರಿಸುತ್ತಿದೆ, ಇದು ನೀವು ಹೇಳದೆ ಬಿಟ್ಟ ದೋಷವೇ ಎಂದು ಅವರು ಸಂಕೋಚದಿಂದ ಕೇಳಿದರು. ಗೋಡೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆಯೆಂದು ಮೊದಲು ಅಳೆಯಲು ಹೇಳಿದೆ. ಅಲ್ಲಿಯೇ ಅದೇ ಪ್ರಮಾಣದಲ್ಲಿ ಕಡಿಮೆಯಿತ್ತು. ನಾನು ನನ್ನ ಹಳೆಯ ಪುಸ್ತಕ ತೆರೆದು ಟ್ರಾನ್ಸ್‌ಫಾರ್ಮರಿನ ಪ್ರೈಮರಿ ತಂತಿಗಳಲ್ಲಿ, ಅಂದರೆ ಗೋಡೆಯ ವಿದ್ಯುತ್ತು ಸೇರುವ ತಂತಿಗಳಲ್ಲಿ, ಎಷ್ಟು ವೋಲ್ಟಿಗೆ ಯಾವುದನ್ನು ಜೋಡಿಸಬೇಕೆಂಬ ಅಂಕಿಗಳನ್ನು ಒಂದೊಂದಾಗಿ ಓದಿದೆ, ಅವರು ಆ ಕಡೆ ಬರೆದುಕೊಂಡರು.